2,14,74,83,647: ದೊಡ್ಡದೊಂದು ಅವಿಭಾಜ್ಯ ಸಂಖ್ಯೆಯ ಗುಣಗಳನ್ನು ಕೈಯಾರೆ ಪರೀಕ್ಷಿಸುವ ವಿಧಾನ

ಮೂವತ್ತೊಂದು ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ 2147483647 ಎಂಬ ಹತ್ತು ಅಂಕಿಗಳ ಸಂಖ್ಯೆ ಸಿಗುತ್ತದೆ. ನಮ್ಮ ರೂಢಿಯಲ್ಲಿ ಓದುವುದಾದರೆ ಇದು 214 ಕೋಟಿ 74 ಲಕ್ಷ 83 ಸಾವಿರದ 647. ಇದು ಅವಿಭಾಜ್ಯ ಸಂಖ್ಯೆಯೆಂದು ಲಿಯೊನಾರ್ಡ್ ಆಯ್ಲರ್ 1772ರಲ್ಲಿ ತೋರಿಸಿದರು. ಆ ವೇಳೆಗೆ ಅವರ ದೃಷ್ಟಿ ಹೆಚ್ಚುಕಡಿಮೆ ಪೂರ್ತಿಯಾಗಿ ಹೋಗಿತ್ತು ಎಂಬುದನ್ನು ನೆನೆದರೆ ಈ ಲೆಕ್ಕದ ಬಗ್ಗೆ ಗೌರವ ಇನ್ನಷ್ಟು ಹೆಚ್ಚುತ್ತದೆ. ಮುಂದೆ ಹಲವು ದಶಕಗಳ ಕಾಲ ಇದೇ ತಿಳಿದಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಾಗಿ ಉಳಿದಿತ್ತು. ಇದಕ್ಕೆ ಸಂಬಂಧಿಸಿದ ಪರಿಪೂರ್ಣ ಸಂಖ್ಯೆಗಿಂತ (ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತಕ್ಕೆ ಸಮವಾದ ಸಂಖ್ಯೆಗಿಂತ) ದೊಡ್ಡದನ್ನು ಇನ್ನು ಯಾರೂ ಕಂಡುಹಿಡಿಯಲಾರರು, ಅಂಥವು ಕುತೂಹಲಕ್ಕಲ್ಲದೆ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಯಾರೂ ಆ ಕೆಲಸಕ್ಕೆ ಕೈಹಾಕಲಿಕ್ಕಿಲ್ಲ ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆದದ್ದು ಗಣಿತದ ಇತಿಹಾಸದ ತಪ್ಪು ಭವಿಷ್ಯವಾಣಿಗಳಲ್ಲಿ ಒಂದಾಗಿ ನಿಂತಿದೆ.

ಈ ಸಂಖ್ಯೆ ನಿಜವಾಗಿಯೂ ಅವಿಭಾಜ್ಯವೇ, ಹೌದಾದರೆ ಅದರಿಂದ ಇನ್ನೇನೇನು ಹೊರಡುತ್ತದೆ ಎಂಬುದನ್ನು ಓದುಗರು ತಾವೇ ಕಾಗದದ ಮೇಲೆ ಪರೀಕ್ಷಿಸಿಕೊಳ್ಳುವ ಕ್ರಮವನ್ನು ಮುಂದೆ ವಿವರಿಸಲಾಗಿದೆ. ಹೈಸ್ಕೂಲಿನ ಘಾತಾಂಕಗಳ ಪಾಠ ಮತ್ತು ಭಾಗಾಕಾರದಲ್ಲಿ ಶೇಷ ಕಂಡುಹಿಡಿಯುವ ಅಭ್ಯಾಸ ಇಷ್ಟಿದ್ದರೆ ಸಾಕು.

ಮೊದಲು ಕ್ಯಾಲ್ಕುಲೇಟರನ್ನು ಪರೀಕ್ಷಿಸಿ

ಕೆಲಸಕ್ಕೆ ಕುಳಿತುಕೊಳ್ಳುವ ಮುನ್ನ ನಿಮ್ಮ ಕ್ಯಾಲ್ಕುಲೇಟರ್ ಎಷ್ಟು ಅಂಕಿಗಳನ್ನು ನಿಖರವಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ನೋಡಿಕೊಳ್ಳಬೇಕು. ಸ್ಪ್ರೆಡ್‌ಶೀಟ್‌ಗಳು ಸಾಮಾನ್ಯವಾಗಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಉಳಿದ ಸ್ಥಾನಗಳಲ್ಲಿ ಸೊನ್ನೆ ತುಂಬುತ್ತವೆ. ಶೇಷದ ಲೆಕ್ಕದಲ್ಲಿ ಕೊನೆಯ ಅಂಕಿಯೇ ಪ್ರಾಣ; ಅದು ಹೋದರೆ ಉತ್ತರವೇ ಹೋದಂತೆ. ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನಾನೂ ಸ್ಪ್ರೆಡ್‌ಶೀಟನ್ನೇ ನಂಬಿ, ಮುಂದೆ ಹೇಳಲಿರುವ ಲ್ಯೂಕಾಸ್ ಪರೀಕ್ಷೆಯ ಕೊನೆಯಲ್ಲಿ ಸೊನ್ನೆ ಬಾರದೆ ಒಂದು ಸಂಜೆಯನ್ನು ವ್ಯರ್ಥ ಮಾಡಿಕೊಂಡೆ. ತಪ್ಪು ನುಸುಳಿದ್ದು ಐದನೆಯ ಹೆಜ್ಜೆಯಲ್ಲಿ, ಹತ್ತೊಂಬತ್ತು ಅಂಕಿಗಳ ಸಂಖ್ಯೆಯೊಂದರ ಕೊನೆಯ ನಾಲ್ಕು ಅಂಕಿಗಳು ಸದ್ದಿಲ್ಲದೆ ಸೊನ್ನೆಯಾದಾಗ. ಪೈಥಾನ್‌ನಂಥ ಭಾಷೆಗಳಲ್ಲಿ ಪೂರ್ಣಾಂಕಗಳಿಗೆ ಈ ಮಿತಿಯಿಲ್ಲವಾದ್ದರಿಂದ ಅಲ್ಲಿ ಈ ತೊಂದರೆ ಬರುವುದಿಲ್ಲ. ಹತ್ತು ಅಂಕಿಗಳ ಅಂಗಡಿ ಕ್ಯಾಲ್ಕುಲೇಟರ್ ಮಾತ್ರ ಇದ್ದವರೂ ನಿರಾಶರಾಗಬೇಕಿಲ್ಲ, ಏಕೆಂದರೆ ಮುಂದೆ ವಿವರಿಸಲಿರುವ, ಭಾಜಕಗಳನ್ನು ಸೋಸುವ ಆಯ್ಲರ್ ವಿಧಾನದ ಯಾವ ಸಂಖ್ಯೆಯೂ ಹತ್ತು ಅಂಕಿಗಳನ್ನು ಮೀರುವುದಿಲ್ಲ.

ಘಾತಾಂಕವನ್ನು ನೋಡುವುದು

ಎರಡರ ಯಾವುದೋ ಘಾತದಿಂದ ಒಂದನ್ನು ಕಳೆದಾಗ ಸಿಗುವ ಅವಿಭಾಜ್ಯ ಸಂಖ್ಯೆಗಳಿಗೆ ಮರ್ಸೆನ್ ಅವಿಭಾಜ್ಯಗಳೆಂಬ ಹೆಸರಿದೆ. ಇಂಥ ಸಂಖ್ಯೆ ಎದುರಾದಾಗ ಮೊದಲು ನೋಡಬೇಕಾದದ್ದು ಘಾತಾಂಕವನ್ನೇ. ಘಾತಾಂಕವು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಇಡೀ ಸಂಖ್ಯೆಯೂ ಒಡೆಯುತ್ತದೆ: 2¹⁵ − 1, ಅಂದರೆ 32767, ಇದು 2³ − 1 ಆದ 7ರಿಂದಲೂ 2⁵ − 1 ಆದ 31ರಿಂದಲೂ ಭಾಗವಾಗುತ್ತದೆ. ನಮ್ಮ ಘಾತಾಂಕವಾದ 31 ಅವಿಭಾಜ್ಯವಾದ್ದರಿಂದ ಈ ಮೊದಲ ಬಾಗಿಲನ್ನು ಸಂಖ್ಯೆ ದಾಟಿದೆ.

ಆದರೆ ಘಾತಾಂಕ ಅವಿಭಾಜ್ಯವೆಂದ ಮಾತ್ರಕ್ಕೆ ಸಂಖ್ಯೆಯೂ ಅವಿಭಾಜ್ಯವಾಗಲೇಬೇಕೆಂದಿಲ್ಲ. 11 ಅವಿಭಾಜ್ಯ; 2¹¹ − 1 = 2047 ಮಾತ್ರ 23 ಮತ್ತು 89ರ ಗುಣಲಬ್ಧ. ಈ ಹೆಸರಿಗೆ ಕಾರಣರಾದ ಫ್ರಾನ್ಸಿನ ಮರಾಂ ಮರ್ಸೆನ್ 1644ರಲ್ಲಿ ಕೊಟ್ಟ ಘಾತಾಂಕಗಳ ಪಟ್ಟಿಯಲ್ಲಿಯೇ 67 ಮತ್ತು 257 ತಪ್ಪಾಗಿ ಸೇರಿದ್ದವು, 61, 89 ಮತ್ತು 107 ಬಿಟ್ಟುಹೋಗಿದ್ದವು. ಹೀಗಾಗಿ 31ರ ವಿಷಯದಲ್ಲಿ ಅವರ ಮಾತು ನಿಜವಾದರೂ ಅದನ್ನು ಪ್ರಮಾಣವೆಂದು ತೆಗೆದುಕೊಳ್ಳುವಂತಿಲ್ಲ.

ಭಾಜಕಗಳನ್ನು ಸೋಸುವುದು

ಒಂದು ಸಂಖ್ಯೆ ಒಡೆಯುವುದಾದರೆ ಅದರ ಒಂದು ಅಪವರ್ತನವಾದರೂ ವರ್ಗಮೂಲವನ್ನು ಮೀರದೆ ಇರಬೇಕು. 46340ರ ವರ್ಗ 2147395600, 46341ರ ವರ್ಗ 2147488281. ನಮ್ಮ ಸಂಖ್ಯೆ ಇವೆರಡರ ನಡುವೆ ಬರುವುದರಿಂದ 46340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವು ಒಟ್ಟು 4792 ಇವೆ. ಒಂದಕ್ಕೆ ಒಂದು ನಿಮಿಷದಂತೆ ಹಿಡಿದರೂ ಎಂಬತ್ತು ಗಂಟೆಗಳ ಕೆಲಸವಾಯಿತು. ಸಂಖ್ಯೆಯ ರೂಪವನ್ನು ಕಡೆಗಣಿಸಿ ಬರೀ ಮೌಲ್ಯವನ್ನಷ್ಟೇ ಹಿಡಿದು ಹೊರಟವರು ತೆರಬೇಕಾದ ದಂಡ ಇದು.

ಈಗ ರೂಪವನ್ನು ಗಮನಿಸೋಣ. ಕ ಎಂಬ ಅವಿಭಾಜ್ಯ ಸಂಖ್ಯೆ 2³¹ − 1 ಅನ್ನು ಭಾಗಿಸುತ್ತದೆ ಎಂದು ಊಹಿಸಿಕೊಳ್ಳಿ. ಆಗ 2³¹ ಅನ್ನು ಕದಿಂದ ಭಾಗಿಸಿದರೆ ಶೇಷ 1 ಬರಬೇಕು. ಎರಡರ ಘಾತಗಳನ್ನು ಒಂದೊಂದಾಗಿ ಕದಿಂದ ಭಾಗಿಸುತ್ತ ಹೋದಾಗ ಮೊದಲ ಬಾರಿಗೆ ಶೇಷ 1 ಬರುವ ಘಾತಾಂಕವು, ಮುಂದೆ ಶೇಷ 1 ಬರುವ ಪ್ರತಿಯೊಂದು ಘಾತಾಂಕವನ್ನೂ ಭಾಗಿಸುತ್ತದೆ. 31 ಅವಿಭಾಜ್ಯವಾದ್ದರಿಂದ ಆ ಮೊದಲ ಘಾತಾಂಕ 31 ಅಲ್ಲದೆ ಬೇರೆಯಾಗಲಾರದು. ಇತ್ತ ಫರ್ಮಾನ ಕಿರು ಪ್ರಮೇಯದ ಪ್ರಕಾರ 2ರ (ಕ − 1)ನೆಯ ಘಾತಕ್ಕೂ ಶೇಷ 1 ಬರುತ್ತದೆ. ಆದ್ದರಿಂದ 31 ಎಂಬುದು ಕ − 1 ಅನ್ನು ಭಾಗಿಸಲೇಬೇಕು. ಕ ಬೆಸ ಸಂಖ್ಯೆಯಾದ್ದರಿಂದ ಕ − 1 ಸಮ. ಎರಡನ್ನೂ ಸೇರಿಸಿದರೆ, ಕವನ್ನು 62ರಿಂದ ಭಾಗಿಸಿದಾಗ ಶೇಷ 1 ಬರಬೇಕು ಎಂದಾಯಿತು.

ಇನ್ನೊಂದು ಜರಡಿಯೂ ಇದೆ. 2³¹ಕ್ಕೆ ಶೇಷ 1 ಬಂದರೆ 2³²ಕ್ಕೆ ಶೇಷ 2 ಬರುತ್ತದೆ. 2³² ಎಂದರೆ 65536ರ ವರ್ಗ. ಅಂದರೆ ಕದ ಲೆಕ್ಕದಲ್ಲಿ 2 ಎಂಬುದು ಒಂದು ವರ್ಗಸಂಖ್ಯೆಯ ಶೇಷವಾಗಿ ನಿಲ್ಲುತ್ತದೆ. ಈ ಗುಣ ಇರುವುದು 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಉಳಿಸುವ ಬೆಸ ಅವಿಭಾಜ್ಯಗಳಿಗೆ ಮಾತ್ರ. ಎರಡೂ ಜರಡಿಗಳನ್ನು ಒಟ್ಟಿಗೆ ಹಿಡಿದರೆ ಉಳಿಯುವುದು 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಬರುವ ಸಂಖ್ಯೆಗಳಷ್ಟೇ.

ಪಟ್ಟಿಯನ್ನು ಬರೆಯಲು ಎರಡು ಸಾಲು ಹಾಕಿಕೊಳ್ಳಿ. ಒಂದರಲ್ಲಿ 249, 497, 745, 993, 1241, 1489 ಎಂದು, ಇನ್ನೊಂದರಲ್ಲಿ 63, 311, 559, 807, 1055, 1303 ಎಂದು 248 ಕೂಡಿಸುತ್ತ 46340ರವರೆಗೆ ಸಾಗಬೇಕು. 63 ಹೇಗೂ ಅವಿಭಾಜ್ಯವಲ್ಲ. ಅದನ್ನು ಬಿಟ್ಟರೆ ಒಟ್ಟು 372 ಸಂಖ್ಯೆಗಳಾಗುತ್ತವೆ. ಇವುಗಳಲ್ಲಿಯೂ ಬಹುಪಾಲು ಕಣ್ಣಳತೆಯಲ್ಲೇ ಉದುರಿಹೋಗುತ್ತವೆ: 249, 807, 993 ಮೂರರಿಂದ, 745 ಮತ್ತು 1055 ಐದರಿಂದ, 497 ಏಳರಿಂದ ಭಾಗವಾಗುತ್ತವೆ, 559 ಎಂದರೆ 13 × 43, 1241 ಎಂದರೆ 17 × 73. ಮೇಲೆ ಬರೆದ ಹನ್ನೆರಡರಲ್ಲಿ ನಿಜವಾಗಿ ಪರೀಕ್ಷಿಸಬೇಕಾದವು 311, 1303 ಮತ್ತು 1489 ಮಾತ್ರ. ಇಡೀ ಪಟ್ಟಿಯನ್ನು ಹೀಗೆ ಸೋಸಿದರೆ ಎಂಬತ್ತರ ಆಸುಪಾಸಿನಷ್ಟು ಅವಿಭಾಜ್ಯಗಳು ಉಳಿಯುತ್ತವೆ. 4792 ಎಲ್ಲಿ, ಎಂಬತ್ತು ಎಲ್ಲಿ!

ಪ್ರತಿಯೊಂದು ಭಾಜಕವನ್ನೂ ಪರೀಕ್ಷಿಸಲು ಹತ್ತು ಅಂಕಿಯ ಸಂಖ್ಯೆಯನ್ನು ಉದ್ದಕ್ಕೆ ಭಾಗಿಸುತ್ತ ಕೂರಬೇಕಾಗಿಲ್ಲ. 65536 ಅನ್ನು ಆ ಭಾಜಕದಿಂದ ಭಾಗಿಸಿ ಶೇಷವನ್ನು ಬರೆದುಕೊಳ್ಳಿ, ಆ ಶೇಷವನ್ನು ವರ್ಗ ಮಾಡಿ ಮತ್ತೆ ಭಾಗಿಸಿ. ಎರಡನೆಯ ಶೇಷ 2 ಆಗಿದ್ದರೆ ಭಾಜಕ ಸಿಕ್ಕಿತು. ಬೇರೇನೇ ಬಂದರೂ ಅದು ಭಾಜಕವಲ್ಲ. ಉದಾಹರಣೆಗೆ 1489ನ್ನು ತೆಗೆದುಕೊಳ್ಳೋಣ. 1489 × 44 = 65516; ಆದ್ದರಿಂದ 65536ರ ಶೇಷ 20, ಅದರ ವರ್ಗ 400. ಇದು 2 ಅಲ್ಲ, ಅಲ್ಲಿಗೆ 1489ರ ಕಥೆ ಮುಗಿಯಿತು. 311ರ ಲೆಕ್ಕ ತುಸು ಉದ್ದ: 65536ರ ಶೇಷ 226, ಅದನ್ನು 311ಕ್ಕೆ 85 ಕಡಿಮೆ ಎಂದು ನೋಡಿ 85ರ ವರ್ಗವಾದ 7225ನ್ನು ಭಾಗಿಸಿದರೆ ಶೇಷ 72. 1303ರಲ್ಲಿ ಮೊದಲ ಶೇಷ 386, ಎರಡನೆಯದು 454. ವಿಧಾನದ ಮೇಲೆ ಅನುಮಾನವಿದ್ದವರು ಒಡೆಯುವ ಸಂಖ್ಯೆಯೊಂದರ ಮೇಲೆ ಪ್ರಯೋಗಿಸಿ ನೋಡಬಹುದು. 2047ರ ವಿಷಯದಲ್ಲಿ 65536ರ ಜಾಗದಲ್ಲಿ 64 ಬರುತ್ತದೆ. 64ನ್ನು 23ರಿಂದ ಭಾಗಿಸಿದರೆ ಶೇಷ 18, ಅದರ ವರ್ಗ 324, ಅದನ್ನು 23ರಿಂದ ಭಾಗಿಸಿದರೆ ಶೇಷ ಸರಿಯಾಗಿ 2.

ಹೀಗೆ ಪಟ್ಟಿಯ ಕೊನೆಯವರೆಗೆ ಎಲ್ಲಿಯೂ 2 ಬಾರದೆ ಹೋದರೆ ಸಂಖ್ಯೆ ಅವಿಭಾಜ್ಯವೆಂದು ಸಿದ್ಧವಾಯಿತು. ಆಯ್ಲರ್ ಹಿಡಿದ ದಾರಿಯೂ ಈ 248ರ ಸೋಸುವಿಕೆಯದೇ. ತಾಳ್ಮೆಯಿದ್ದವರಿಗೆ ಇದು ಒಂದು ರಜಾದಿನದ ಕೆಲಸ.

ಲ್ಯೂಕಾಸ್–ಲೆಹ್ಮರ್ ಪರೀಕ್ಷೆ

ಭಾಜಕಗಳನ್ನು ಹುಡುಕದೆಯೇ ತೀರ್ಮಾನ ಹೇಳುವ ವಿಧಾನವೊಂದನ್ನು ಫ್ರಾನ್ಸಿನ ಎದುವಾರ್ ಲ್ಯೂಕಾಸ್ 1870ರ ದಶಕದಲ್ಲಿ ಕಂಡುಕೊಂಡರು. 1930ರಲ್ಲಿ ಅಮೆರಿಕದ ಡೆರಿಕ್ ಲೆಹ್ಮರ್ ಅದಕ್ಕೆ ಇಂದಿನ ರೂಪ ಕೊಟ್ಟರು. 4ರಿಂದ ಆರಂಭಿಸಿ, ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ, 2 ಕಳೆದು, ಪರೀಕ್ಷೆಗೆ ಒಳಗಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಉಳಿಸಿಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆಯಷ್ಟು ಸಲ ಇದನ್ನು ಮಾಡಿದಾಗ ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಘಾತಾಂಕ ಬೆಸ ಅವಿಭಾಜ್ಯವಾಗಿರುವಾಗ ಈ ತೀರ್ಪಿಗೆ ಯಾವ ಅಪವಾದವೂ ಇಲ್ಲ.

ಭಾಗಾಕಾರದ ಶ್ರಮವನ್ನೂ ಇಲ್ಲಿ ತಪ್ಪಿಸಿಕೊಳ್ಳಬಹುದು. ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದಾಗಿನ ಶೇಷ ತಿಳಿಯಲು ಅದರ ಅಂಕಿಗಳನ್ನು ಕೂಡಿಸುವ ಉಪಾಯವನ್ನು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತೇವೆ. 10ನ್ನು 9ರಿಂದ ಭಾಗಿಸಿದರೆ ಶೇಷ 1 ಎಂಬುದೇ ಅದರ ಗುಟ್ಟು. 2³¹ ಅನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದಾಗಲೂ ಶೇಷ 1 ಆದ್ದರಿಂದ ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ: 2147483648ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಕೂಡಿಸಿದರೆ ಆಯಿತು.

ಮೊದಲು 2⁷ − 1 = 127ರ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. 4ರ ವರ್ಗದಿಂದ 2 ಕಳೆದರೆ 14, 14ರಿಂದ 194. 194ರಲ್ಲಿ 128 ಒಂದು ಸಲ ಹೋಗಿ 66 ಉಳಿಯುತ್ತದೆ, ಕೂಡಿಸಿದರೆ 67. 67ರ ವರ್ಗದಿಂದ 2 ಕಳೆದರೆ 4487. ಅದರಲ್ಲಿ 128 ಮೂವತ್ತೈದು ಸಲ ಹೋಗಿ 7 ಉಳಿಯುತ್ತದೆ, ಕೂಡಿಸಿದರೆ 42. ಮುಂದಿನದು 1762, ಅದು 13 ಮತ್ತು 98 ಆಗಿ 111 ಆಗುತ್ತದೆ. 111ರಿಂದ 12319, ಅದು 96 ಮತ್ತು 31 ಆಗಿ 127, ಅಂದರೆ ಸೊನ್ನೆ. ಐದು ಹೆಜ್ಜೆಗಳಲ್ಲಿ 127 ಅವಿಭಾಜ್ಯವೆಂದು ಸಾಬೀತಾಯಿತು. ಇದೇ ಪರೀಕ್ಷೆಯನ್ನು 2047ಕ್ಕೆ ಮಾಡಿದರೆ ಒಂಬತ್ತನೆಯ ಹೆಜ್ಜೆಯಲ್ಲಿ 1736 ಬಂದು ನಿಲ್ಲುತ್ತದೆ. ಆ 1736 ಅಪವರ್ತನಗಳ ಸುಳಿವು ಕೊಡುವುದಿಲ್ಲ, ಸಂಖ್ಯೆ ಒಡೆಯುತ್ತದೆ ಎಂದಷ್ಟೇ ಹೇಳುತ್ತದೆ.

ನಮ್ಮ ಸಂಖ್ಯೆಗೆ 29 ಹೆಜ್ಜೆಗಳು ಬೇಕು. 4, 14, 194, 37634, 1416317954 ಇವಿಷ್ಟೂ ಭಾಗಿಸದೆಯೇ ಬರುತ್ತವೆ. ಐದನೆಯ ಹೆಜ್ಜೆಯಲ್ಲಿ 2005956546822746114 ಎಂಬ ಹತ್ತೊಂಬತ್ತು ಅಂಕಿಗಳ ಸಂಖ್ಯೆ ಎದುರಾಗುತ್ತದೆ, ನಾನು ಎಡವಿದ್ದು ಇಲ್ಲಿಯೇ. ಇದನ್ನು 2147483648ರಿಂದ ಭಾಗಿಸಿದರೆ ಭಾಗಲಬ್ಧ 934096307, ಶೇಷ 1883058178. ಎರಡನ್ನೂ ಕೂಡಿಸಿದರೆ 2817154485. ಅದರಿಂದ ನಮ್ಮ ಸಂಖ್ಯೆಯನ್ನು ಒಮ್ಮೆ ಕಳೆದರೆ 669670838. ನಿಮ್ಮ ಲೆಕ್ಕದಲ್ಲಿ ಈ ಸಂಖ್ಯೆಯೇ ಬಂದಿದ್ದರೆ ಉಪಕರಣ ನಂಬಿಕೆಗೆ ಯೋಗ್ಯವೆಂದು ತಿಳಿದು ಮುಂದುವರಿಯಬಹುದು. ಆರನೆಯ ಹೆಜ್ಜೆಯಲ್ಲಿ 1937259419, ಏಳನೆಯದರಲ್ಲಿ 425413602 ಬರಬೇಕು.

ಅಲ್ಲಿಂದ ಮುಂದೆ ಯಾವ ಕ್ರಮವೂ ಕಾಣದ ಸಂಖ್ಯೆಗಳು ಸಾಲುಸಾಲಾಗಿ ಬರುತ್ತವೆ. ಇಪ್ಪತ್ತೇಳನೆಯದು 1181536708. ಇಪ್ಪತ್ತೆಂಟನೆಯ ಹೆಜ್ಜೆಯಲ್ಲಿ ಮಾತ್ರ, ಪರಿಚಿತ ಮುಖವೊಂದು ಜಾತ್ರೆಯಲ್ಲಿ ಎದುರಾದಂತೆ, 65536 ಬಂದು ನಿಲ್ಲುತ್ತದೆ. ಅದರ ವರ್ಗ 2³², ಎರಡು ಕಳೆದರೆ 2³² − 2, ಅದು ನಮ್ಮ ಸಂಖ್ಯೆಯ ಸರಿಯಾಗಿ ಎರಡರಷ್ಟು. ಆದ್ದರಿಂದ ಕೊನೆಯ ಶೇಷ ಸೊನ್ನೆ. 127ರ ಲೆಕ್ಕದಲ್ಲಿ ಕೊನೆಯಿಂದ ಎರಡನೆಯದಾಗಿ ಬಂದ 111 ಎಂಬುದೂ 127ಕ್ಕೆ 16 ಕಡಿಮೆ, 16 ಎಂದರೆ 2⁴ ಎಂಬುದನ್ನು ಈಗ ಹಿಂದಿರುಗಿ ನೋಡಬಹುದು.

ಲ್ಯೂಕಾಸ್ ಅವರು 1876ರಲ್ಲಿ 39 ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ಕೈಲೆಕ್ಕದಿಂದಲೇ ತೋರಿಸಿದ್ದರು. 2024ರ ಅಕ್ಟೋಬರ್ 12ರಂದು ದೊರೆತ 2ರ 136279841ನೆಯ ಘಾತದಿಂದ 1 ಕಳೆದ, 4,10,24,320 ಅಂಕಿಗಳ ಅವಿಭಾಜ್ಯವನ್ನು ದೃಢಪಡಿಸುವಲ್ಲಿಯೂ ಇದೇ ವರ್ಗ ಮಾಡಿ ಎರಡು ಕಳೆಯುವ ಪರೀಕ್ಷೆ ಬಳಕೆಯಾಯಿತು.

ಒಂದು ಕಡಿಮೆ, ಒಂದು ಹೆಚ್ಚು

ಅವಿಭಾಜ್ಯವೆಂದು ತಿಳಿದ ಮೇಲೆ ಅದರ ಒಳಗುಣಗಳನ್ನು ತಿಳಿಯಲು ಒಂದು ಕಳೆದು ಬರುವ ಸಂಖ್ಯೆಯನ್ನು ಒಡೆಯಬೇಕು. ಇಲ್ಲಿ ಅದು ಸುಲಭ. 2147483646 ಎಂದರೆ 2 × (2³⁰ − 1), ಅಂದರೆ 2 × 32767 × 32769. 32767 ಎಂಬುದು 7 × 31 × 151. 32769 ಎಂಬುದು 3 × 3 × 11 × 331. ಹೀಗೆ ಏಳು ಬೇರೆ ಬೇರೆ ಅವಿಭಾಜ್ಯಗಳು ದೊರೆತವು. ಅವುಗಳಲ್ಲಿ 31 ಇರುವುದು ಆಕಸ್ಮಿಕವಲ್ಲ: ನಮ್ಮ ಸಂಖ್ಯೆಯ ಲೆಕ್ಕದಲ್ಲಿ ಎರಡರ ಘಾತಗಳು 31 ಹೆಜ್ಜೆಗೊಮ್ಮೆ 1ಕ್ಕೆ ಮರಳುತ್ತವೆ, ಆ 31 ಒಂದು ಕಡಿಮೆಯಾದ ಸಂಖ್ಯೆಯನ್ನು ಭಾಗಿಸಲೇಬೇಕು.

7 ಹಾಗಲ್ಲ. ಅದರ ಘಾತಗಳು 1ಕ್ಕೆ ಮರಳುವ ಮೊದಲು 1ರಿಂದ 2147483646ರವರೆಗಿನ ಒಂದೊಂದು ಸಂಖ್ಯೆಯನ್ನೂ ಒಮ್ಮೊಮ್ಮೆ ಮುಟ್ಟುತ್ತವೆ. ಇದನ್ನು ಪರೀಕ್ಷಿಸಲು 214 ಕೋಟಿ ಹೆಜ್ಜೆ ನಡೆಯಬೇಕಾಗಿಲ್ಲ. 2147483646ನ್ನು ಮೇಲಿನ ಏಳು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ, ಬಂದ ಏಳು ಘಾತಾಂಕಗಳಲ್ಲಿ ಯಾವುದಕ್ಕೂ 7ರ ಘಾತದ ಶೇಷ 1 ಆಗುವುದಿಲ್ಲವೆಂದು ನೋಡಿದರೆ ಸಾಕು. 5 ಎಂಬುದು ಆ ಏಳರಲ್ಲಿ ಇಲ್ಲವಾದ್ದರಿಂದ 7⁵, ಅಂದರೆ 16807ಕ್ಕೂ ಇದೇ ಗುಣವಿದೆ. ಕಂಪ್ಯೂಟರುಗಳಲ್ಲಿ ಯಾದೃಚ್ಛಿಕವಾಗಿ ಕಾಣುವ ಸಂಖ್ಯೆಗಳನ್ನು ಹೊರಡಿಸಲು ಬಹುಕಾಲದಿಂದ ಬಳಸುತ್ತಿರುವ ಒಂದು ಕ್ರಮ ಇದನ್ನೇ ಆಧರಿಸಿದೆ: 1ರಿಂದ ಹೊರಟು ಪ್ರತಿ ಸಲವೂ 16807ರಿಂದ ಗುಣಿಸಿ ಶೇಷ ತೆಗೆಯುತ್ತ ಹೋದರೆ 16807, 282475249, 1622650073 ಎಂದು ಬರುತ್ತದೆ. ನಿಮ್ಮ ಪ್ರೋಗ್ರಾಮು ಸರಿಯಾಗಿದೆಯೇ ಎಂದು ತಿಳಿಯಲು ಹತ್ತು ಸಾವಿರದ ಗುಣಾಕಾರದ ನಂತರದ ಸಂಖ್ಯೆಯನ್ನು ನೋಡಿ. ಅದು 1043618065 ಆಗಿರಬೇಕು.

ಒಂದು ಹೆಚ್ಚಾದ ಸಂಖ್ಯೆ ಬರೀ 2³¹. ದ್ವಿಮಾನ ಪದ್ಧತಿಯಲ್ಲಿ ನಮ್ಮ ಸಂಖ್ಯೆ ಮೂವತ್ತೊಂದು ಒಂದುಗಳ ಸಾಲಾಗುವುದರಿಂದ, ಚಿಹ್ನೆಯನ್ನೂ ಸೇರಿಸಿ 32 ಬಿಟ್‌ಗಳಲ್ಲಿ ಪೂರ್ಣಾಂಕಗಳನ್ನು ಇಡುವ ಯಂತ್ರಗಳಿಗೆ ಇದೇ ಗರಿಷ್ಠ ಮಿತಿ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಹೀಗೆ ಎಣಿಸುತ್ತಿರುವ ಹಳೆಯ ವ್ಯವಸ್ಥೆಗಳ ಎಣಿಕೆ 2038ರ ಜನವರಿ 19ರಂದು ನಮ್ಮ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆಯನ್ನು ಮುಟ್ಟುತ್ತದೆ. ಅದು ಗಣಿತದ ಗುಣವಲ್ಲವಾದರೂ ಪದೇ ಪದೇ ಕೇಳಿಬರುವುದರಿಂದ ಹೇಳಿದ್ದೇನೆ.

ನೆರೆಹೊರೆಯನ್ನೂ ನೋಡಬಹುದು. ಎರಡು ಕಡಿಮೆಯಾದರೆ ಕೊನೆಯ ಅಂಕಿ 5. ಎರಡು ಹೆಚ್ಚಾದ 2147483649 ಮೂರರಿಂದ ಭಾಗವಾಗುತ್ತದೆ. ಆದ್ದರಿಂದ ಇದಕ್ಕೆ ಅವಳಿ ಅವಿಭಾಜ್ಯವಿಲ್ಲ. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. 2ರಿಂದ ಎಣಿಸಿದರೆ ಇದು 10,50,97,565ನೆಯ ಅವಿಭಾಜ್ಯ. 4ರಿಂದ ಭಾಗಿಸಿದಾಗ ಶೇಷ 3 ಬರುವುದರಿಂದ ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. 2³⁰ರಿಂದ ಗುಣಿಸಿದರೆ ಎಂಟನೆಯ ಪರಿಪೂರ್ಣ ಸಂಖ್ಯೆಯಾದ 2305843008139952128 ಸಿಗುತ್ತದೆ, ಅಂದರೆ ಆ ಸಂಖ್ಯೆ ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತಕ್ಕೆ ಸಮ.

ಇನ್ನೊಂದು ಹೆಜ್ಜೆ ಮುಂದೆ

31 ಸ್ವತಃ 2⁵ − 1, 5 ಅವಿಭಾಜ್ಯ. 31ನ್ನು ಘಾತಾಂಕವಾಗಿಟ್ಟರೆ ನಮ್ಮ ಸಂಖ್ಯೆ ಬಂತು. ಹಾಗಾದರೆ ನಮ್ಮ ಸಂಖ್ಯೆಯನ್ನೇ ಘಾತಾಂಕವಾಗಿಟ್ಟರೆ ಏನಾಗುತ್ತದೆ ಎಂದು ಯಾರಿಗಾದರೂ ಅನಿಸುವುದು ಸಹಜ. 2ರ 2147483647ನೆಯ ಘಾತದಿಂದ 1 ಕಳೆದರೆ ಬರುವ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕಿಗಳಿವೆ. ಅದನ್ನು ಬರೆದು ಭಾಗಿಸುವ ಮಾತೇ ಇಲ್ಲ. ಆದರೂ ಅದು ಒಡೆಯುತ್ತದೆಂದು ತಿಳಿದಿದೆ, 295257526626031 ಅದರ ಒಂದು ಭಾಜಕ. ಮೇಲಿನ ಜರಡಿಗಳನ್ನು ಇದರ ಮೇಲೂ ಹಿಡಿದು ನೋಡಿ. ಅಲ್ಲಿ 62 ಇದ್ದ ಜಾಗಕ್ಕೆ ಇಲ್ಲಿ 4294967294 ಬರುತ್ತದೆ. ಅದನ್ನು 68745ರಿಂದ ಗುಣಿಸಿ 1 ಕೂಡಿಸಿದರೆ ಸರಿಯಾಗಿ ಈ ಭಾಜಕವೇ ಸಿಗುತ್ತದೆ. ಕೊನೆಯ ಮೂರು ಅಂಕಿಗಳಾದ 031ನ್ನು 8ರಿಂದ ಭಾಗಿಸಿದರೆ ಶೇಷ 7.